ಹೆಂಗಸರ ಜೈಲಿನ ಹಳೇ ಇಂಗ್ಲಿಷ್ ಪಿಕ್ಚರ್‌ಗಳು: ನಿಮಗೂ ಇಷ್ಟನಾ, ನನಗೊಬ್ಬನಿಗೇನಾ?

ಗಾಂಧಿಕ್ಲಾಸ್ (ಕಾರವಾರ)

ಸ್ವಲ್ಪ ಮುಜುಗರದ ವಿಷಯ, ಆದರೂ ಕೇಳಿಯೇ ಬಿಡುತ್ತೇನೆ. 1970ರ ದಶಕದ ಕಡಿಮೆ ಖರ್ಚಿನ ಇಂಗ್ಲಿಷ್ ಪಿಕ್ಚರ್‌ಗಳಲ್ಲಿ ಒಂದು ಜಾತಿ ಇದೆ, ಹೆಂಗಸರ ಜೈಲಿನ ಕಥೆಗಳು. ಅಮಾಯಕ ಹುಡುಗಿಯೊಬ್ಬಳು ಜೈಲಿಗೆ ಬರುತ್ತಾಳೆ. ಒಳಗೆ ಕಲ್ಲು ಮನಸ್ಸಿನ ವಾರ್ಡನ್ ಇರುತ್ತಾಳೆ. ಬಚ್ಚಲುಮನೆ ಸೀನ್ ಒಂದು, ಕೆಸರಲ್ಲಿ ಹೊಡೆದಾಟ ಒಂದು, ಕೊನೆಗೆ ಎಲ್ಲರೂ ಸೇರಿ ಗೇಟು ಒಡೆದು ಓಡುತ್ತಾರೆ. ಹತ್ತು ನೋಡಿದರೂ ಇಷ್ಟೇ. ನನಗೆ ಇವು ಇಷ್ಟ. ಯಾಕೆ ಅಂತ ಹೆಂಡತಿ ಮೊನ್ನೆ ಕೇಳಿದಳು. ಸರಿಯಾಗಿ ಉತ್ತರ ಹೇಳಲು ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅಪ್ಪ 80ರ ದಶಕದ ಕೊನೆಗೆ ಕುಮಟಾದಲ್ಲಿ ಒಂದು ವಿಡಿಯೋ ಲೈಬ್ರರಿ ಇಟ್ಟಿದ್ದರು. ಟಿವಿ, ವಿಸಿಆರ್, ಮೂರು ಕ್ಯಾಸೆಟ್, ಒಂದು ರಾತ್ರಿಗೆ ಬಾಡಿಗೆ. ಮಳೆಗಾಲದಲ್ಲಿ ದೋಣಿಗಳು ದಡ ಸೇರಿದ ಮೇಲೆ ವ್ಯಾಪಾರ ಜೋರು. ಮೂರರಲ್ಲಿ ಎರಡು ರಾಜ್‌ಕುಮಾರ್ ಅಥವಾ ಅಮಿತಾಭ್, ಮೂರನೆಯದು ಮಕ್ಕಳು ಮಲಗಿದ ಮೇಲೆ. ಆ ಮೂರನೆಯದರಲ್ಲಿ ಒಂದು ಕ್ಯಾಸೆಟ್ ಇತ್ತು, ಭಟ್ಕಳದ ಯಾರೋ ದುಬೈಯಿಂದ ತಂದದ್ದು. ಮೇಲೆ ಅಪ್ಪನ ಅಕ್ಷರದಲ್ಲಿ 'ಲೇಡಿ ಜೈಲ್, ಇಂಗ್ಲಿಷ್, ಫೈಟಿಂಗ್' ಅಂತ ಚೀಟಿ. ಪಿಕ್ಚರಿನ ನಿಜವಾದ ಹೆಸರು ಅಪ್ಪನಿಗೂ ಗೊತ್ತಿರಲಿಲ್ಲ, ಹೆಸರು ಬರುವ ಶುರುವಿನ ರೀಲೇ ಹರಿದುಹೋಗಿತ್ತು.

ನಮ್ಮ ಕಡೆ ಮಳೆಗಾಲದಲ್ಲಿ ಕ್ಯಾಸೆಟ್‌ಗೆ ಬೂಸ್ಟು ಬರುತ್ತದೆ. ಕ್ಯಾಸೆಟ್ಟಿನ ಪುಟ್ಟ ಕಿಟಕಿಯಿಂದ ನೋಡಿದರೆ ರೀಲಿನ ಅಂಚಿಗೆ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬಿಳಿ. ಹಾಗೇ ಹಾಕಿದರೆ ಹೆಡ್ (ವಿಸಿಆರ್ ಒಳಗೆ ರೀಲು ಓದುವ ಭಾಗ, ತಿರುಗುವ ಡ್ರಮ್ಮಿನ ಮೇಲಿರುತ್ತದೆ) ಕಟ್ಟಿಕೊಂಡು ಪರದೆ ತುಂಬ ಇರುವೆ ಓಡಾಡುತ್ತವೆ. ಅಪ್ಪ ವಿಸಿಆರ್ ಮುಚ್ಚಳ ಬಿಚ್ಚಿ, ಬಿಳಿ ಕಾಗದಕ್ಕೆ ಸ್ಪಿರಿಟ್ ಹಚ್ಚಿ ಡ್ರಮ್ಮಿಗೆ ಒತ್ತಿ ಹಿಡಿದು, ಡ್ರಮ್ಮನ್ನೇ ಬೆರಳಲ್ಲಿ ಮೆಲ್ಲಗೆ ತಿರುಗಿಸುತ್ತಿದ್ದರು. ಮೇಲೆ ಕೆಳಗೆ ಉಜ್ಜಬಾರದು, ಹೆಡ್ ಮುರಿಯುತ್ತದೆ. ಸ್ವಚ್ಛ ಆಯ್ತಾ ಅಂತ ನೋಡಲು ಒಂದು ಕ್ಯಾಸೆಟ್ ಓಡಿಸುವುದು ನನ್ನ ಕೆಲಸ. ನನಗೆ ಆಗ ಹದಿನಾಲ್ಕು. ಯಾವ ಕ್ಯಾಸೆಟ್ ಓಡಿಸುತ್ತಿದ್ದೆ ಅಂತ ನೀವೇ ಊಹಿಸಿ.

ಆಗ ಒಂದು ವಿಷಯ ಗಮನಿಸಿದ್ದೆ. ಗಿರಾಕಿಗಳು ಒಂದೇ ಜಾಗವನ್ನು ಹಿಂದೆ ತಂದು ತಂದು ನೋಡಿದರೆ, ಪಾಸ್ ಒತ್ತಿ ನಿಲ್ಲಿಸಿದರೆ, ಅಲ್ಲಿ ರೀಲು ಸವೆದು ಅಡ್ಡಗೆರೆ ಬರುತ್ತದೆ. ಈ ಕ್ಯಾಸೆಟ್‌ನಲ್ಲಿ ಬಚ್ಚಲುಮನೆ ಸೀನ್ ಪೂರ್ತಿ ಹಾಳು, ಸೋಪು ಯಾವುದು ಮನುಷ್ಯರು ಯಾವುದು ಗೊತ್ತಾಗುತ್ತಿರಲಿಲ್ಲ. ಅದು ಬಿಡಿ, ಆಶ್ಚರ್ಯ ಇಲ್ಲ. ಆದರೆ ಅದರಷ್ಟೇ ಸವೆದ ಇನ್ನೊಂದು ಜಾಗ ಇತ್ತು: ಕೊನೆಯ ಹತ್ತು ನಿಮಿಷ, ಬಂದೂಕು ಹಿಡಿದು ಜೈಲಿಗೆ ನುಗ್ಗುವುದು. ಅಲ್ಲಿ ಬಟ್ಟೆ ಬಿಚ್ಚುವುದೇನೂ ಇಲ್ಲ. ಅದನ್ನು ಯಾರು ಅಷ್ಟು ಸಲ ತಿರುಗಿಸಿ ನೋಡಿದರು?

ಸದಾಶಿವಗಡ

ಬೂಸ್ಟು ಇರಬೇಕು ಮಾರಾಯ್ರೆ.

ಮಜಾಳಿ ನಾಕಾ

ನಾವೆಲ್ಲ 'ದೇವರ ಸಿನಿಮಾ' ಅಂತ ಕರೆಯುತ್ತಿದ್ದದ್ದು ಇದನ್ನೇ ಅಲ್ವಾ?

ಗಾಂಧಿಕ್ಲಾಸ್

ಅಲ್ಲ, ಅದು ಬೇರೆ, ನೀಲಿ ಚಿತ್ರ. ಅದು ಕೌಂಟರ್ ಕೆಳಗೆ. ಇದು ಕೌಂಟರ್ ಮೇಲೇ ಇರುತ್ತಿತ್ತು, ಬೆನ್ನು ತಿರುಗಿಸಿ ಇಡುತ್ತಿದ್ದರು ಅಷ್ಟೇ. ಪಿಕ್ಚರಿನ ಹೆಸರು ನನಗೆ ಸಿಕ್ಕಿದ್ದು ಇಪ್ಪತ್ತು ವರ್ಷ ಬಿಟ್ಟು. ಗಾಲಿಕುರ್ಚಿಯಲ್ಲಿ ಕೂತ ವಾರ್ಡನ್ ಒಂದೇ ನೆನಪಿತ್ತು, ಅದರಿಂದಲೇ ಹುಡುಕಿದೆ. 'ಕೇಜ್ಡ್ ಹೀಟ್', 1974. ನಿರ್ದೇಶಕ ಜೊನಾಥನ್ ಡೆಮ್ಮಿ, ಅವನ ಮೊದಲ ಪಿಕ್ಚರ್. ಮುಂದೆ 'ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್' ಮಾಡಿ ಆಸ್ಕರ್ ತಗೊಂಡವನು ಅವನೇ.

ಮಜಾಳಿ ನಾಕಾ

ಓ, ಡೆಮ್ಮಿ ಅಂದ ಮೇಲೆ ನಾನೂ ಸ್ವಲ್ಪ ಬರೆಯಬೇಕಾಯಿತು. ಈ ಹುಚ್ಚು ನನಗೂ ಇದೆ, ನನ್ನದು ಗೋವಾದಿಂದ ಡಿವಿಡಿ ತರುತ್ತಿದ್ದ ಕಾಲದ್ದು.

ಇದರ ಹಿಂದೆ ಇರುವ ಮನುಷ್ಯ ರೋಜರ್ ಕಾರ್ಮನ್. 1970ರಲ್ಲಿ ನ್ಯೂ ವರ್ಲ್ಡ್ ಪಿಕ್ಚರ್ಸ್ ಅಂತ ಸ್ವಂತ ಕಂಪನಿ ಮಾಡಿದ. ಅಮೆರಿಕದಲ್ಲಿ 1968ಕ್ಕೆ ಹಳೇ ಸೆನ್ಸಾರ್ ಕಟ್ಟುಪಾಡು ಹೋಗಿ ಈಗಿನ ತರಹದ ರೇಟಿಂಗ್ ಬಂದಿತ್ತು, ಕಾರಲ್ಲೇ ಕೂತು ನೋಡುವ ಬಯಲು ಟಾಕೀಸುಗಳಿಗೆ ವಾರವಾರ ಹೊಸ ಮಾಲು ಬೇಕಿತ್ತು. ಕಾರ್ಮನ್ ಫಿಲಿಪ್ಪೀನ್ಸ್‌ಗೆ ಹೋದ. ಅಲ್ಲಿ ಕೂಲಿ ಅಗ್ಗ, ಕಾಡು ಬಿಟ್ಟಿ, ಸ್ಟುಡಿಯೋ ಕೆಲಸ ಗೊತ್ತಿದ್ದ ಜನ ಬೇಕಾದಷ್ಟು. 1971ರಲ್ಲಿ ಜ್ಯಾಕ್ ಹಿಲ್ ಮಾಡಿದ 'ದಿ ಬಿಗ್ ಡಾಲ್ ಹೌಸ್' ಬಂತು, ಚೆನ್ನಾಗಿ ಓಡಿತು. ಬೆನ್ನಿಗೇ 'ವಿಮೆನ್ ಇನ್ ಕೇಜಸ್', 1972ಕ್ಕೆ 'ದಿ ಬಿಗ್ ಬರ್ಡ್ ಕೇಜ್'. ಮೂರರಲ್ಲೂ ಪ್ಯಾಮ್ ಗ್ರಿಯರ್ ಇದ್ದಾಳೆ. ಒಂದರಲ್ಲಿ ಖೈದಿ, ಒಂದರಲ್ಲಿ ಚಿತ್ರಹಿಂಸೆ ಕೊಡುವ ವಾರ್ಡನ್, ಒಂದರಲ್ಲಿ ಕ್ರಾಂತಿಕಾರಿ. ಒಬ್ಬಳೇ ನಟಿಗೆ ಒಂದೂವರೆ ವರ್ಷದಲ್ಲಿ ಇಷ್ಟು ತರಹದ ಪಾತ್ರ ಆಗಿನ ದೊಡ್ಡ ಸ್ಟುಡಿಯೋಗಳು, ಅದರಲ್ಲೂ ಕರಿಯ ಹುಡುಗಿಗೆ, ಕೊಡುತ್ತಿದ್ದವಾ? 'ಡಾಲ್ ಹೌಸ್' ಶುರುವಿನ ಹಾಡೂ ಅವಳೇ ಹಾಡಿದ್ದು. ಅದೇ ಹಾಡನ್ನು ಟ್ಯಾರಂಟಿನೋ 1997ರ 'ಜ್ಯಾಕಿ ಬ್ರೌನ್'ನಲ್ಲಿ ಮತ್ತೆ ಹಾಕಿದ, ಅದರಲ್ಲೂ ನಾಯಕಿ ಅವಳೇ.

ಕಾರ್ಮನ್ ಲೆಕ್ಕ ಸರಳ. ಇಷ್ಟಿಷ್ಟು ಹೊತ್ತಿಗೆ ಒಂದು ಹೊಡೆದಾಟ, ಒಂದು ಬಟ್ಟೆ ಬಿಚ್ಚುವ ಸೀನ್ ಬರಬೇಕು. ಅದಿದ್ದರೆ ಉಳಿದ ಹೊತ್ತಿನಲ್ಲಿ ನಿರ್ದೇಶಕ ಹುಡುಗರು ಏನು ಬೇಕಾದರೂ ಮಾಡಿಕೊಳ್ಳಲಿ. ಆ 'ಉಳಿದ ಹೊತ್ತು' ಇದೆಯಲ್ಲ, ನಾನು ನೋಡುವುದು ಅದಕ್ಕೇ. 'ಕೇಜ್ಡ್ ಹೀಟ್'ನಲ್ಲಿ ಆ ಗಾಲಿಕುರ್ಚಿ ವಾರ್ಡನ್‌ಗೆ ಒಂದು ಕನಸು ಬೀಳುತ್ತದೆ ನೋಡಿ, ಬಾರ್ಬರಾ ಸ್ಟೀಲ್ ಮಾಡಿದ್ದು. ಕನಸಲ್ಲಿ ಅವಳು ಎತ್ತರದ ಟೋಪಿ ಹಾಕಿಕೊಂಡು ಖೈದಿಗಳ ಮುಂದೆ ಎದ್ದು ನಿಂತು ಕ್ಯಾಬರೆ ಮಾಡುತ್ತಾಳೆ. ಖಳನಾಯಕಿಗೂ ಒಂದು ಆಸೆ ಇದೆ ಅಂತ ತೋರಿಸಿ ಅಂತ ಡೆಮ್ಮಿಗೆ ಯಾರೂ ಹೇಳಿರಲಿಕ್ಕಿಲ್ಲ. ಸಂಗೀತ 'ವೆಲ್ವೆಟ್ ಅಂಡರ್‌ಗ್ರೌಂಡ್' ಅನ್ನುವ ಹೆಸರಾಂತ ರಾಕ್ ಬ್ಯಾಂಡಿನಲ್ಲಿದ್ದ ಜಾನ್ ಕೇಲ್‌ದು. ಅಷ್ಟು ಚಿಲ್ಲರೆ ಪಿಕ್ಚರ್‌ಗೆ ಅಂಥ ಸಂಗೀತ!

ಇನ್ನೊಂದು ತಮಾಷೆ. ಇದೇ ನ್ಯೂ ವರ್ಲ್ಡ್ ಕಂಪನಿ ಅದೇ ಹೊತ್ತಲ್ಲಿ ಸ್ವೀಡನ್ನಿನ ದೊಡ್ಡ ನಿರ್ದೇಶಕ ಬರ್ಗ್‌ಮನ್‌ನ 'ಕ್ರೈಸ್ ಆ್ಯಂಡ್ ವಿಸ್ಪರ್ಸ್' ಪಿಕ್ಚರನ್ನೂ ಅಮೆರಿಕದಲ್ಲಿ ಹಂಚಿತು. ಒಂದು ಕೈಯಲ್ಲಿ ಕೆಸರಿನ ಕುಸ್ತಿ, ಇನ್ನೊಂದು ಕೈಯಲ್ಲಿ ಬರ್ಗ್‌ಮನ್.

ವಕೀಲಮ್ಮ (ಶಿರಸಿ)

ಓದಿದೆ. ನಿಮ್ಮಿಬ್ಬರ ಉತ್ಸಾಹಕ್ಕೆ ತಣ್ಣೀರು ಹಾಕಲು ಬಂದಿದ್ದೇನೆ.

ಕಾನೂನು ನೆರವಿನ ಕೆಲಸಕ್ಕೆ ನಾನು ಜೈಲಿನ ಮಹಿಳಾ ವಿಭಾಗಕ್ಕೆ ಹೋಗುತ್ತಿರುತ್ತೇನೆ, ಯಾವ ಜೈಲು ಅಂತ ಹೇಳುವುದಿಲ್ಲ. ಅಲ್ಲಿ ಕೆಸರು ಕುಸ್ತಿ ಇಲ್ಲ. ಇರುವುದು ಬೇಜಾರು. ನೆಲದ ಮೇಲೆ ಇಟ್ಟಿಗೆ ಚೂರಿನಲ್ಲಿ ಚೌಕಾಬಾರದ ಮನೆ ಬರೆದಿರುತ್ತಾರೆ, ಹುಣಸೆಬೀಜ ಒಡೆದು ಅದನ್ನೇ ಕವಡೆ ಮಾಡಿಕೊಂಡಿರುತ್ತಾರೆ. ಆಟ ಮುಗಿಯುವುದೇ ಇಲ್ಲ, ಮುಗಿಸುವ ಗಡಿಬಿಡಿ ಯಾರಿಗೂ ಇಲ್ಲ. ಹಳ್ಳಿ ಕಡೆಯ ಒಬ್ಬ ಹೆಂಗಸಿನ ಹತ್ತಿರ ನಾನು ಅರ್ಧ ಗಂಟೆ ಜಾಮೀನಿನ ವಿಷಯ ಮಾತಾಡಿದೆ. ಎಲ್ಲ ಕೇಳಿಕೊಂಡು ಕೊನೆಗೆ ಅವಳು ಕೇಳಿದ್ದು ಒಂದೇ: 'ನನ್ನ ಎಮ್ಮೆ ಕರು ಹಾಕಿತಾ ಅಂತ ಯಾರನ್ನಾದರೂ ಕೇಳಿಕೊಂಡು ಬರುತ್ತೀರಾ ಅಕ್ಕಾ?'

ನಮ್ಮ ದೇಶದ ಜೈಲುಗಳಲ್ಲಿ ನೂರಕ್ಕೆ ನಾಲ್ಕೇ ಜನ ಹೆಂಗಸರು. ಒಟ್ಟು ಖೈದಿಗಳಲ್ಲಿ ಮುಕ್ಕಾಲು ಪಾಲು ವಿಚಾರಣಾಧೀನ ಖೈದಿಗಳು, ಅಂದರೆ ತಪ್ಪು ಮಾಡಿದ್ದಾರೋ ಇಲ್ಲವೋ ಅಂತ ಇನ್ನೂ ತೀರ್ಮಾನವೇ ಆಗದವರು. ಆರು ವರ್ಷದ ತನಕ ಮಕ್ಕಳು ತಾಯಿ ಜೊತೆ ಒಳಗೇ ಇರಬಹುದು. ಆ ಮಕ್ಕಳಿಗೆ ನಾಯಿ, ಹಸು ಅಂದರೆ ಪುಸ್ತಕದ ಚಿತ್ರ. ಇದನ್ನೆಲ್ಲ ಕಂಡವಳಿಗೆ ನಿಮ್ಮ ಬಚ್ಚಲುಮನೆ ಸೀನ್ ನೋಡಿ ಏನನ್ನಿಸಬೇಕು ಹೇಳಿ?

ಮತ್ತೆ ಆ 'ಉಳಿದ ಹೊತ್ತು' ಅನ್ನುವ ವಾದ ನನಗೆ ಹಿಡಿಸಲಿಲ್ಲ ಮಜಾಳಿಯವರೇ. ಕ್ಯಾಮೆರಾ ಯಾರ ಕಣ್ಣು ಅಂತ ನೋಡಿ. ವಾರ್ಡನ್ ಚಾವಟಿ ಎತ್ತಿದಾಗ ಕ್ಯಾಮೆರಾ ವಾರ್ಡನ್ ಪಕ್ಕ ನಿಂತಿರುತ್ತದೆ, ಹೊಡೆಸಿಕೊಳ್ಳುವವಳ ಪಕ್ಕ ಅಲ್ಲ.

ಸದಾಶಿವಗಡ

ಎಮ್ಮೆ ಕರು ಹಾಕಿತ್ತಾ?

ವಕೀಲಮ್ಮ (ಶಿರಸಿ)

ಹಾಕಿತ್ತು. ಹೆಣ್ಣುಗರು.

ಗಾಂಧಿಕ್ಲಾಸ್

ಅಕ್ಕಾ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಸುಮ್ನೆ ಒಪ್ಪಿಕೊಂಡು ಹೋಗಲೂ ಮನಸ್ಸಿಲ್ಲ. ನಾನು ಇಷ್ಟಪಡುವುದು ಕೊನೆಯ ಹತ್ತು ನಿಮಿಷ. ಆದರೆ ಅದಕ್ಕಿಂತ ಮುಂಚಿನ ಎಪ್ಪತ್ತು ನಿಮಿಷದ ಅವಮಾನ ಇಲ್ಲದಿದ್ದರೆ ಆ ಹತ್ತು ನಿಮಿಷಕ್ಕೆ ಬಲ ಇಲ್ಲ. ಆ ಎಪ್ಪತ್ತನ್ನು ನಾನು ಕಣ್ಣು ಮುಚ್ಚಿಕೊಂಡು ನೋಡಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಹೆಂಡತಿಗೆ ಉತ್ತರ ಹೇಳಲು ಆಗದೇ ಇದ್ದದ್ದು ಇದೇ ಜಾಗದಲ್ಲಿ.

ಹೆಣ್ಣುಬಣ್ಣ (ಹೊನ್ನಾವರ)

ನನ್ನದು ಪೂರಾ ಬೇರೆ ದಾರಿ. ಇಡೀ ರಾತ್ರಿ ಯಕ್ಷಗಾನ ನೋಡಿ ಬೆಳೆದವನು ನಾನು. ಕಥೆ ಮೊದಲೇ ಗೊತ್ತಿರುವ ಆಟಕ್ಕೆ ಜನ ಯಾಕೆ ಹೋಗುತ್ತಾರೆ ಅಂತ ನಮ್ಮ ಕಡೆ ಯಾರೂ ಕೇಳುವುದಿಲ್ಲ. ಕೀಚಕ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು. ಇವತ್ತಿನ ಕೀಚಕ ಹೇಗೆ ಸಾಯುತ್ತಾನೆ ಅಂತ ನೋಡಲು ಚಳಿಯಲ್ಲಿ ಕಂಬಳಿ ಹೊದ್ದು ಕೂತಿರುತ್ತೇವೆ.

ಈ ಜೈಲು ಪಿಕ್ಚರ್‌ಗಳದ್ದೂ ಅದೇ ಕಟ್ಟು. ಹೊಸ ಖೈದಿಗಳ ಬಸ್ಸು ಬರುತ್ತದಲ್ಲ, ಒಬ್ಬೊಬ್ಬಳೇ ಇಳಿಯುತ್ತಾಳೆ, ಹೆಸರು ಹೇಳುತ್ತಾಳೆ, ಏನು ಮಾಡಿ ಬಂದೆ ಅಂತ ಹೇಳುತ್ತಾಳೆ. ಅದು ಒಡ್ಡೋಲಗ, ಯಕ್ಷಗಾನದಲ್ಲಿ ವೇಷಗಳು ಮೊದಲ ಸಲ ರಂಗಕ್ಕೆ ಬರುವ ಹಾಗೆ! ಆಮೇಲೆ ವಾರ್ಡನ್. ಅವಳು ಶುದ್ಧ ಹೆಣ್ಣುಬಣ್ಣ. (ನನ್ನ ಹೆಸರು ನೋಡಿದಿರಲ್ಲ. ಗೊತ್ತಿಲ್ಲದವರಿಗೆ: ಶೂರ್ಪನಖಿ, ತಾಟಕಿಯಂಥ ರಾಕ್ಷಸಿ ವೇಷಕ್ಕೆ ಹಾಗನ್ನುತ್ತಾರೆ.) ತೆರೆಯ ಹಿಂದೆಯೇ ಆರ್ಭಟ ಶುರು, ಮಕ್ಕಳು ಅಜ್ಜಿಯ ಸೆರಗು ಹಿಡಿಯುತ್ತಾರೆ, ತೆರೆ ಸರಿಯುವಷ್ಟರಲ್ಲಿ ಅರ್ಧ ಸಭೆ ನಡುಗಿರುತ್ತದೆ. ರಾಮ ಬಂದಾಗ ನಿದ್ದೆ ಹೊಡೆದವರೂ ಶೂರ್ಪನಖಿ ಬಂದಾಗ ಎದ್ದು ಕೂರುತ್ತಾರೆ. ಬೇರೆ ಯಾವ ಜಾತಿಯ ಪಿಕ್ಚರಿನಲ್ಲಿ ಹೆಂಗಸಿಗೆ ಅಷ್ಟು ದೊಡ್ಡ ಆರ್ಭಟ ಸಿಗುತ್ತದೆ ಹೇಳಿ.

ನೀವೆಲ್ಲ ಅಮೆರಿಕದ್ದು ಹೇಳಿದಿರಿ, ಜಪಾನಿನದ್ದು ನೋಡಿದ್ದೀರಾ? 'ಫೀಮೇಲ್ ಪ್ರಿಸನರ್ ಸ್ಕಾರ್ಪಿಯನ್', ತೊಯೆಯ್ ಕಂಪನಿ, 1972. ಒಂದು ಕಾಮಿಕ್ಸ್ ಮೇಲೆ ಮಾಡಿದ್ದು. ಮೇಕೊ ಕಾಜಿ ನಾಯಕಿ, ಮೊದಲ ಮೂರರ ನಿರ್ದೇಶಕ ಶುನ್ಯಾ ಇತೊ. ಕಾಮಿಕ್ಸ್‌ನ ನಾಯಕಿ ಬಾಯಿ ಬಿಟ್ಟರೆ ಬೈಗುಳ. ಅದು ತನಗೆ ಬೇಡ ಅಂದ ಕಾಜಿ, ಪಾತ್ರವನ್ನು ಹೆಚ್ಚುಕಡಿಮೆ ಮೂಕಿ ಮಾಡಿಸಿದಳು. ಹಾಗಾಗಿ ಇಡೀ ಪಿಕ್ಚರ್ ಅವಳು ಸುಮ್ಮನೆ ನೋಡುತ್ತಾಳೆ. ಹೊಡೆಯುತ್ತಾರೆ, ನೋಡುತ್ತಾಳೆ. ಗುಂಡಿ ತೋಡಿಸುತ್ತಾರೆ, ನೋಡುತ್ತಾಳೆ. ಆ ನೋಟ ತಡೆಯಲಾರದೆ ಎದುರಿಗಿದ್ದವರೇ ತಪ್ಪು ಮಾಡುತ್ತಾರೆ. ಗೋಡೆ, ಆಕಾಶ ಎಲ್ಲ ನಾಟಕದ ಪರದೆಯ ಹಾಗೆ ಬಣ್ಣ ಬದಲಿಸುತ್ತವೆ, ಮೋಸ ಹೋದ ಹಳೇ ಕಥೆ ಹೇಳುವಾಗ ರಂಗಸಜ್ಜಿಕೆಯೇ ತಿರುಗುತ್ತದೆ. ಯಾರೂ 'ಇದು ನಿಜದ ಜೈಲು' ಅಂತ ಹೇಳಲು ಹೊರಟಿಲ್ಲ. ಯಕ್ಷಗಾನದ ಕಿರೀಟ ನೋಡಿ ಇದು ನಿಜವಾದ ಬಂಗಾರವಾ ಅಂತ ಕೇಳುತ್ತೇವಾ ವಕೀಲರೇ?

ವಕೀಲಮ್ಮ (ಶಿರಸಿ)

ಕಿರೀಟ ಬಂಗಾರದ್ದಲ್ಲ ಅಂತ ಗೊತ್ತು. ಆದರೆ ಶೂರ್ಪನಖಿಯ ಮೂಗು ಕೊಯ್ದಾಗ ಚಪ್ಪಾಳೆ ತಟ್ಟುವ ಸಭೆಯಲ್ಲಿ ಚಿಕ್ಕಂದಿನಿಂದ ನಾನೂ ಕೂತಿದ್ದೇನೆ. ಒಂದು ಸಲವೂ ನನಗೆ ಚಪ್ಪಾಳೆ ತಟ್ಟಲು ಆಗಲಿಲ್ಲ. ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಜಪಾನಿನದ್ದು ನೋಡುತ್ತೇನೆ. ಬೈಗುಳ ಬೇಡ ಅಂದ ಹೆಂಗಸಿನ ಮೇಲೆ ಕುತೂಹಲ ಬಂತು.

ಬೇಲೆಕೇರಿ ಹುಡುಗಿ

ಇಷ್ಟು ಹೊತ್ತು ಗಂಡಸರ ಅಪ್ಪಂದಿರು, ಗಂಡಸರ ಹುಚ್ಚು. ಈಗ ನನ್ನ ಕಥೆ ಕೇಳಿ. (ಹುಡುಗಿ ಅಂತ ಹೆಸರು, ವಯಸ್ಸು ಐವತ್ತು ದಾಟಿದೆ.)

ನಮ್ಮ ಚಿಕ್ಕಮ್ಮನ ಮದುವೆಯಲ್ಲಿ, ಅಂಕೋಲಾ ಕಡೆ, ದಿಬ್ಬಣ ವಾಪಸ್ ಬಂದ ರಾತ್ರಿ ಗಂಡಸರು ಚಪ್ಪರದಲ್ಲಿ ವಿಸಿಆರ್ ಹಾಕಿಸಿದ್ದರು. ಮೂರನೆಯ ಕ್ಯಾಸೆಟ್ ಇದೇ ಜಾತಿ. ಹೆಂಗಸರಿಗೆ ಒಳಗೆ ಹೋಗಿ ಮಲಗಿ ಅಂದರು. ಒಳಗೆ ಯಾರು ಮಲಗುತ್ತಾರೆ, ಅಡುಗೆಮನೆಯಲ್ಲಿ ರಾಶಿ ಪಾತ್ರೆ ಬಿದ್ದಿತ್ತು. ಅಡುಗೆಮನೆ ಕಿಟಕಿಯಿಂದ ಚಪ್ಪರದ ಟಿವಿ ಓರೆಯಾಗಿ ಕಾಣುತ್ತಿತ್ತು. ಅಜ್ಜಿ, ದೊಡ್ಡಮ್ಮ, ನನ್ನ ಅಮ್ಮ, ಎದುರುಮನೆ ಬಾಯಿ, ಎಲ್ಲರೂ ತೆಂಗಿನ ನಾರು ಹಿಡಿದು ಪಾತ್ರೆ ತಿಕ್ಕುತ್ತ ನೋಡಿದರು. ಇಂಗ್ಲಿಷ್ ಯಾರಿಗೂ ಬರುತ್ತಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ದೊಡ್ಡಮ್ಮ ಡಬ್ಬಿಂಗ್ ಶುರುಮಾಡಿದಳು. ವಾರ್ಡನ್ ಬಾಯಿಗೆ ಅತ್ತೆಯ ಮಾತು ಹಾಕಿದಳು. 'ನೀರು ಸೇದಿದೆಯಾ? ಮಜ್ಜಿಗೆ ಕಡೆದೆಯಾ? ನಿನ್ನ ಅಪ್ಪನ ಮನೆಯಲ್ಲಿ ಇದನ್ನೇ ಕಲಿಸಿದ್ದಾ?' ಎಲ್ಲರಿಗೂ ನಕ್ಕು ನಕ್ಕು ಕಣ್ಣಲ್ಲಿ ನೀರು. ಅಜ್ಜಿ, ಅಂದರೆ ದೊಡ್ಡಮ್ಮನ ಅತ್ತೆ, ಅಲ್ಲೇ ಕೂತು ನಗುತ್ತಿದ್ದಳು. ಅರ್ಥವಾಗಿಯೂ ನಗುತ್ತಿದ್ದಳು ಅಂತ ನನಗೆ ಈಗ ಅನಿಸುತ್ತದೆ.

ಕೊನೆಗೆ ಖೈದಿಗಳು ವಾರ್ಡನ್‌ಗೆ ತಿರುಗಿ ಬಾರಿಸಿದಾಗ ಕಿಟಕಿ ಹಿಂದಿನಿಂದ ಒಂದು ಕೂಗು ಬಂತು. ಚಪ್ಪರದ ಗಂಡಸರೆಲ್ಲ ತಿರುಗಿ ನೋಡಿದರು. ಕೂಗಿದ್ದು ನನ್ನ ಅಮ್ಮ. ಆಯುಷ್ಯದಲ್ಲಿ ಅವಳು ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹಾಗಾಗಿ ಗಾಂಧಿಕ್ಲಾಸ್ ಅಣ್ಣಾ, ಆ ಎರಡನೆಯ ಜಾಗ ಯಾರು ಸವೆಸಿದ್ದು ಅಂತ ಕೇಳಿದ್ದಿರಲ್ಲ, ನನ್ನ ಊಹೆ ಹೇಳುತ್ತೇನೆ. ಬೆಳಿಗ್ಗೆ ಗಂಡಸರು ದೋಣಿ ನೋಡಲು ಹೋದ ಮೇಲೆ, ಕ್ಯಾಸೆಟ್ ವಾಪಸ್ ಕೊಡಲು ಇನ್ನೂ ಎರಡು ತಾಸು ಇರುತ್ತಿತ್ತು.

ಗಾಂಧಿಕ್ಲಾಸ್

ಹತ್ತು ಗಂಟೆ ಒಳಗೆ ವಾಪಸ್ ತರಬೇಕು ಅಂತ ಅಪ್ಪ ಬೋರ್ಡೇ ಹಾಕಿದ್ದರು. ತರುತ್ತಿದ್ದವರು ಜಾಸ್ತಿ ಹೆಂಗಸರೇ, ಪೇಟೆಗೆ ಬಂದಾಗ ಚೀಲದಲ್ಲಿ ತರಕಾರಿ ಜೊತೆ ಹಾಕಿಕೊಂಡು. ನೀವು ಹೇಳುವ ತನಕ ನನಗೆ ಹೊಳೆದಿರಲಿಲ್ಲ.

ಮಜಾಳಿ ನಾಕಾ

ಬೇಲೆಕೇರಿ ಅಕ್ಕನ ಮಾತಿನ ಮುಂದೆ ನಾನು ಬರೆದದ್ದೆಲ್ಲ ಗೈಡ್ ಪುಸ್ತಕದ ಹಾಗಿದೆ. ಆದರೂ ಒಂದು ಸೇರಿಸುತ್ತೇನೆ. 'ಕೇಜ್ಡ್ ಹೀಟ್' ಕೊನೆಗೆ ಗೇಟು ಒಡೆದು ಓಡುವುದು ಅಲ್ಲವೇ ಅಲ್ಲ. ಓಡಿಹೋಗಿ, ಬ್ಯಾಂಕಿಗೆ ನುಗ್ಗಿ, ಆರಾಮಾಗಿ ಹೊರಗಿದ್ದವರು ಒಳಗೆ ಸಿಕ್ಕಿಬಿದ್ದ ಗೆಳತಿಯರನ್ನು ಬಿಡಿಸಲು ತಾವಾಗಿ ಜೈಲಿಗೆ ವಾಪಸ್ ಬರುತ್ತಾರೆ. ಗಾಂಧಿಕ್ಲಾಸ್ ಸರಿಯಾಗೇ ಹೇಳಿದ್ದಾರೆ, 'ನುಗ್ಗುವುದು' ಅಂತ. 1973ರ 'ಬ್ಲ್ಯಾಕ್ ಮಾಮಾ ವೈಟ್ ಮಾಮಾ' ಕಥೆಯಲ್ಲೂ ಡೆಮ್ಮಿಯ ಕೈ ಇದೆ. ಇಬ್ಬರು ಹೆಂಗಸರು ಒಂದೇ ಸರಪಳಿಯಲ್ಲಿ, ಒಬ್ಬಳಿಗೆ ಆ ಕಡೆ ಹೋಗಬೇಕು, ಇನ್ನೊಬ್ಬಳಿಗೆ ಈ ಕಡೆ.

ನಾಗರಿಕ_61

ಮಕ್ಕಳು ಓದುವ ಜಾಗದಲ್ಲಿ ಇಂಥ ಹೊಲಸು ವಿಷಯ ಬೇಕಾ? ನಮ್ಮ ಜಿಲ್ಲೆಯ ಮಾನ ತೆಗೆಯಬೇಡಿ.

ಸದಾಶಿವಗಡ

ಸರ್, ಮಕ್ಕಳು ಇಷ್ಟು ಉದ್ದ ಓದುವುದಿಲ್ಲ.

ವಕೀಲಮ್ಮ (ಶಿರಸಿ)

ಬೇಲೆಕೇರಿಯವರೇ, ನಿಮ್ಮ ಅಮ್ಮನ ಕೂಗು ನಿನ್ನೆಯಿಂದ ತಲೆಯಲ್ಲಿ ಕೂತಿದೆ. ನಾನು ಹೇಳಿದ್ದು ತಪ್ಪು ಅಂತ ಈಗಲೂ ಅನ್ನುವುದಿಲ್ಲ. ಆದರೆ ನಾನು ಚಪ್ಪರದ ಕಡೆಯಿಂದ ಮಾತ್ರ ನೋಡಿದ್ದೆ, ಕಿಟಕಿ ಕಡೆಯಿಂದ ನೋಡಿರಲಿಲ್ಲ.

ನಿನ್ನೆ ರಾತ್ರಿ ಒಂದು ನೋಡಿದೆ, ನಿಮ್ಮ 70ರ ದಶಕದ್ದಲ್ಲ, ಅದರ ಅಜ್ಜಿ. 1950ರ 'ಕೇಜ್ಡ್', ಕಪ್ಪು ಬಿಳುಪು. ಬರೆದವರಲ್ಲಿ ಒಬ್ಬಳಾದ ವರ್ಜೀನಿಯಾ ಕೆಲಾಗ್ ಖೈದಿಯ ಹಾಗೆ ಜೈಲಿನೊಳಗೆ ಇದ್ದು ಬಂದು ಬರೆದದ್ದಂತೆ. ಅದಕ್ಕೇ ಅದರಲ್ಲಿ ಬೇಜಾರು ಇದೆ, ನಾನು ಹೇಳಿದ ಬೇಜಾರು. ಎಲೀನರ್ ಪಾರ್ಕರ್ ಗರ್ಭಿಣಿ ಹುಡುಗಿಯಾಗಿ ಒಳಗೆ ಬರುತ್ತಾಳೆ, ನಡುಗುತ್ತಾಳೆ. ಹೊರಗೆ ಹೋಗುವಾಗ ನಡುಕ ಇಲ್ಲ, ತುಟಿಗೆ ಬಣ್ಣ ಇದೆ, ಕರೆದುಕೊಂಡು ಹೋಗಲು ಕಾರಲ್ಲಿ ಬಂದವರು ಒಳ್ಳೆಯವರಲ್ಲ. ಅವಳ ಫೈಲು ಏನು ಮಾಡಲಿ ಅಂತ ಕೇಳಿದರೆ ಮೇಲಧಿಕಾರಿ, ಇಟ್ಟಿರು, ವಾಪಸ್ ಬರುತ್ತಾಳೆ ಅನ್ನುತ್ತಾಳೆ. ಗೇಟು ಒಡೆಯುವುದೂ ಇಲ್ಲ, ಬಂದೂಕೂ ಇಲ್ಲ. ನನಗೆ ಒಂದು ಗಂಟೆ ನಿದ್ದೆ ಬರಲಿಲ್ಲ. ಮೂರು ಆಸ್ಕರ್‌ಗೆ ಹೆಸರು ಹೋಗಿತ್ತು, ಒಂದೂ ಬರಲಿಲ್ಲ.

ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೇಳಬಹುದಾದ್ದು ಇಷ್ಟು: 1950ರದ್ದು ನಿಜ ಹೇಳುತ್ತದೆ, ಮರ್ಯಾದೆ ಕೊಡುತ್ತದೆ, ಆದರೆ ನಿಮ್ಮ ಅಮ್ಮ ಅದನ್ನು ನೋಡಿದ್ದರೆ ಕೂಗುತ್ತಿರಲಿಲ್ಲ. ಸುಮ್ಮನೆ ಪಾತ್ರೆ ತಿಕ್ಕಿ ಮಲಗುತ್ತಿದ್ದಳು.

ಬೇಲೆಕೇರಿ ಹುಡುಗಿ

ಹೌದು. ಅಳಿಸುವ ಪಿಕ್ಚರ್ ಅಮ್ಮನಿಗೆ ಬೇಕಾದಷ್ಟು ಸಿಗುತ್ತಿತ್ತು. ಆಗಿನ ನಮ್ಮ ಪಿಕ್ಚರ್‌ಗಳಲ್ಲಿ ನಾಯಕಿಯ ಕೆಲಸವೇ ಅದು. ಮಾಲಾಶ್ರೀ, ತೆಲುಗಿನ ವಿಜಯಶಾಂತಿ ಲಾಠಿ ಹಿಡಿದು ಬರುವ ತನಕ ಕಾಯಬೇಕಾಯಿತು. ಅವರು ಬಂದಾಗ ಅಮ್ಮ ಒಂದನ್ನೂ ಬಿಡಲಿಲ್ಲ. ಆದರೆ ಅವರೆಲ್ಲ ಪೊಲೀಸು. ಖೈದಿ ಹೆಂಗಸು ಗೆದ್ದದ್ದು ಆ ಕ್ಯಾಸೆಟ್‌ನಲ್ಲಿ ಮಾತ್ರ.

ನಾನು ಈ ಪಿಕ್ಚರ್‌ಗಳನ್ನು ಪೂರ್ತಿ ಒಪ್ಪಿದ್ದೇನೆ ಅಂತಲ್ಲ. ಒಂದಂತೂ ತಡೆಯಲಾಗುವುದಿಲ್ಲ: ಹೆಂಗಸನ್ನು ಪ್ರೀತಿಸುವ ಹೆಂಗಸು ಬಂದಳು ಅಂದರೆ ಅವಳೇ ಕೆಟ್ಟವಳು, ಅವಳೇ ಚಾವಟಿ ಹಿಡಿದವಳು. ಪ್ರತಿ ಪಿಕ್ಚರಿನಲ್ಲೂ ಇದೇ. ಧಾರವಾಡದ ಹಾಸ್ಟೆಲ್‌ನಲ್ಲಿ ನನ್ನ ರೂಮಿನ ಗೆಳತಿ ಇಂಥದ್ದೊಂದನ್ನು ನಮ್ಮ ಜೊತೆ ನೋಡುತ್ತ ಅರ್ಧಕ್ಕೇ ಎದ್ದು ಹೋದಳು. ತಲೆನೋವು ಅಂದಳು. ಯಾಕೆ ಅಂತ ನನಗೆ ಗೊತ್ತಾಗಲು ಹತ್ತು ವರ್ಷ ಬೇಕಾಯಿತು.

ಹೆಣ್ಣುಬಣ್ಣ (ಹೊನ್ನಾವರ)

ಇದು ನಿಜ. ಹೆಣ್ಣುಬಣ್ಣದ ವೇಷಕ್ಕೂ ಇದೇ ರೋಗ ಇದೆ, ಆಸೆ ಬಾಯಿಬಿಟ್ಟು ಹೇಳಿದ ಹೆಂಗಸು ರಾಕ್ಷಸಿ.

ಮಜಾಳಿ ನಾಕಾ

ಇನ್ನೊಂದು ಕಹಿ ಸಂಗತಿ, ನಾನು ಮೊದಲೇ ಹೇಳಬೇಕಿತ್ತು. ಫಿಲಿಪ್ಪೀನ್ಸ್ ಕಾಡಲ್ಲಿ ಬಿದಿರಿನ ಸುಳ್ಳು ಜೈಲು ಕಟ್ಟಿ ಇವರು ಶೂಟಿಂಗ್ ಮಾಡುತ್ತಿದ್ದ ದಿನಗಳಲ್ಲೇ, 1972ರ ಸೆಪ್ಟೆಂಬರಿನಲ್ಲಿ, ಅಲ್ಲಿನ ಅಧ್ಯಕ್ಷ ಮಾರ್ಕೋಸ್ ಮಾರ್ಷಲ್ ಲಾ ಹೇರಿದ. ನಿಜವಾದ ಜೈಲುಗಳು ಪತ್ರಕರ್ತರು, ವಿದ್ಯಾರ್ಥಿಗಳಿಂದ ತುಂಬಿದವು. ಪರದೆ ಮೇಲೆ ಕ್ರಾಂತಿಕಾರಿಗಳು ಜೈಲು ಒಡೆಯುತ್ತಿದ್ದರು. ಇದನ್ನು ನೆನಪಿಟ್ಟುಕೊಂಡು 'ಬಿಗ್ ಬರ್ಡ್ ಕೇಜ್' ನೋಡಿದರೆ ನಗು ಗಂಟಲಲ್ಲೇ ನಿಲ್ಲುತ್ತದೆ.

ಅಲ್ಲಿನ ನಿರ್ದೇಶಕರ ಕಥೆಯೂ ವಿಚಿತ್ರ. 'ವಿಮೆನ್ ಇನ್ ಕೇಜಸ್' ಮಾಡಿದ ಗೆರಾರ್ಡೊ ಡೆ ಲಿಯೋನ್, 'ಬ್ಲ್ಯಾಕ್ ಮಾಮಾ' ಮಾಡಿದ ಎಡ್ಡಿ ರೊಮೆರೊ, ಇಬ್ಬರಿಗೂ ಮುಂದೆ ಆ ದೇಶ ರಾಷ್ಟ್ರೀಯ ಕಲಾವಿದ ಅಂತ ಗೌರವ ಕೊಟ್ಟಿತು. ಈ ಪಿಕ್ಚರ್‌ಗಳಿಗಾಗಿ ಕೊಟ್ಟದ್ದಲ್ಲ, ಅವರು ಬೇರೆ ದೊಡ್ಡ ಕೆಲಸ ಮಾಡಿದವರು. ಇದು ಅಕ್ಕಿ ಬೇಳೆ ಖರ್ಚಿಗೆ.

ಸಿದ್ದಾಪುರದ ಮೊಮ್ಮಗ

ವಿಷಯ ಸ್ವಲ್ಪ ಬೇರೆ, ಆದರೂ ಜೈಲಿನದ್ದೇ. ನಮ್ಮ ಅಜ್ಜಿಯ ತಾಯಿ ಸ್ವಾತಂತ್ರ್ಯ ಹೋರಾಟದ ಕರನಿರಾಕರಣೆ ಚಳವಳಿ ಹೊತ್ತಿನಲ್ಲಿ ಜೈಲಿಗೆ ಹೋಗಿ ಬಂದವರು. ಸಿದ್ದಾಪುರ, ಅಂಕೋಲಾ ಕಡೆಯ ಎಷ್ಟೋ ಹೆಂಗಸರು ಆಗ ಹೋಗಿದ್ದರು. ಕೆಲವರು ಕೈಕೂಸು ಎತ್ತಿಕೊಂಡು. ಭಾಷಣದಲ್ಲಿ ಅವರನ್ನು ವೀರಮಾತೆ ಅನ್ನುತ್ತಾರೆ. ಮನೆಯಲ್ಲಿ ಅವರು ಹೇಳುತ್ತಿದ್ದ ಕಥೆ ಬೇರೆಯೇ ಅಂತೆ. ಜೈಲಿನಲ್ಲಿ ಅನ್ನಕ್ಕೆ ಕಲ್ಲು, ಬೆಳಿಗ್ಗೆ ಗಂಜಿ. ಆದರೆ ಮಡಿ ಇಲ್ಲ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕೊಟ್ಟಿಗೆ ಸೆಗಣಿ ಬಾಚುವುದಿಲ್ಲ, ಹಗಲು ಹೊತ್ತು ಬೇರೆ ಜಾತಿಯ ಹೆಂಗಸರ ಜೊತೆ ಕೂತು ಹಾಡು ಹೇಳಬಹುದು. 'ಬದುಕಲ್ಲಿ ರಜೆ ಅಂತ ಸಿಕ್ಕಿದ್ದು ಅದೊಂದೇ' ಅನ್ನುತ್ತಿದ್ದರಂತೆ. ಮನೆಯವರಿಗೆ ಈ ಮಾತು ಹೊರಗೆ ಹೇಳಲು ಈಗಲೂ ಮುಜುಗರ.

ಬೇಲೆಕೇರಿ ಹುಡುಗಿ

ಅಯ್ಯೋ, ಇದಕ್ಕೆ ಯಾವ ವಾರ್ಡನ್ ಬೇಕು, ಯಾವ ಕೆಸರು ಬೇಕು! ಇದನ್ನೇ ಪಿಕ್ಚರ್ ಮಾಡಿ ಯಾರಾದರೂ.

ಹೆಣ್ಣುಬಣ್ಣ (ಹೊನ್ನಾವರ)

ಬಿಮಲ್ ರಾಯ್ 1963ರಲ್ಲಿ 'ಬಂದಿನಿ' ಮಾಡಿದ್ದು ಇದೇ ಹದದಲ್ಲಿ. ಬೀಸುವ ಕಲ್ಲಿನ ಮುಂದೆ ಕೂತ ಖೈದಿ ಹೆಂಗಸು, ತವರಿನಿಂದ ಅಣ್ಣನನ್ನು ಕಳಿಸಿ ಅಂತ ಹಾಡುತ್ತಾಳೆ. ನೂತನ್ ಮುಖ ನೋಡುವುದಕ್ಕೇ ಒಮ್ಮೆ ಹಾಕಿ.

ಗಾಂಧಿಕ್ಲಾಸ್

ಒಂದು ಸುದ್ದಿ. ಈ ಚರ್ಚೆ ಓದುತ್ತ ಓದುತ್ತ ತಡೆಯಲಾಗದೆ ಕುಮಟಾ ಮನೆಯ ಅಟ್ಟ ಹತ್ತಿದೆ. ಅಪ್ಪನ ಟ್ರಂಕು ಹಾಗೇ ಇದೆ. ಕ್ಯಾಸೆಟ್ ಸಿಕ್ಕಿತು, ಚೀಟಿಯ ಶಾಯಿ ಅರ್ಧ ಹೋಗಿದೆ, 'ಲೇಡಿ ಜೈ' ತನಕ ಓದಬಹುದು. ರೀಲಿನ ಅಂಚಿಗೆ ಅದೇ ಬಿಳಿ ಬೂಸ್ಟು. ವಿಸಿಆರ್ ಮಾತ್ರ ಇಲಿಗಳ ಪಾಲಾಗಿದೆ, ವೈರು ಎಲ್ಲ ತಿಂದಿವೆ. ಓಡುವ ವಿಸಿಆರ್ ಯಾರ ಹತ್ತಿರ ಇದೆ?

ಹೆಣ್ಣುಬಣ್ಣ (ಹೊನ್ನಾವರ)

ನನ್ನ ಹತ್ತಿರ ಇದೆ. ಹಳೇ ಯಕ್ಷಗಾನದ ಕ್ಯಾಸೆಟ್ ನೋಡಲು ಇಟ್ಟುಕೊಂಡಿದ್ದೇನೆ. ಆದರೆ ಬೂಸ್ಟು ಬಿಡಿಸದೆ ಹಾಕಲು ಕೊಡುವುದಿಲ್ಲ. ಮೊದಲು ರೀಲು ಬಿಸಿಲಿಗೆ ಇಡಬೇಡಿ, ನೆರಳಲ್ಲಿ ಒಣಗಿಸಿ, ಒಂದು ಸಲ ಕೈಯಲ್ಲೇ ಸುತ್ತಿ ಒರೆಸಿ ತನ್ನಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಒಳ್ಳೆಯದಲ್ಲ.

ಗಾಂಧಿಕ್ಲಾಸ್

ಸ್ಪಿರಿಟ್, ಬಿಳಿ ಕಾಗದ ನಾನು ತರುತ್ತೇನೆ. ಮುಂದಿನ ಭಾನುವಾರ ಹೊನ್ನಾವರ? ಹೆಂಡತಿಯೂ ಬರುತ್ತಾಳಂತೆ, ಎರಡನೆಯ ಸವೆದ ಜಾಗ ನೋಡಬೇಕಂತೆ.

ಬೇಲೆಕೇರಿ ಹುಡುಗಿ

ನಾನು ರೆಡಿ. ಅಮ್ಮನಿಗೆ ಈಗ ಎಂಬತ್ತೊಂದು, ಕಿವಿ ಮಂದ. ಕರೆದುಕೊಂಡು ಬರಬಹುದಾ? ಟಿವಿ ಹತ್ತಿರ ಒಂದು ಕುರ್ಚಿ ಬೇಕಾಗುತ್ತದೆ.

ಹೆಣ್ಣುಬಣ್ಣ (ಹೊನ್ನಾವರ)

ಅಮ್ಮನವರಿಗೆ ಬೆತ್ತದ ಕುರ್ಚಿ ಇದೆ.

ವಕೀಲಮ್ಮ (ಶಿರಸಿ)

ನಾನೂ ಘಟ್ಟ ಇಳಿದು ಬರುತ್ತೇನೆ. ಒಂದೇ ಷರತ್ತು, ರಿಮೋಟ್ ನನ್ನ ಕೈಯಲ್ಲಿ.

ಹೆಣ್ಣುಬಣ್ಣ (ಹೊನ್ನಾವರ)

ಈ ವಿಸಿಆರ್‌ಗೆ ರಿಮೋಟ್ ಇಲ್ಲ ಮೇಡಂ. ಎದ್ದು ಹೋಗಿ ಒತ್ತಬೇಕು.

ವಕೀಲಮ್ಮ (ಶಿರಸಿ)

ಹಾಗಾದರೆ ಅಮ್ಮನ ಕುರ್ಚಿ ಪಕ್ಕ ನನಗೊಂದು ಮಣೆ ಹಾಕಿ.

ಸದಾಶಿವಗಡ

ಊಟ ಯಾರ ಮನೆಯದು?